ತೋಟದ ಮನೆಗೆ ಹೋಮ್ ಥಿಯೇಟರ್ ಕಂಪ್ಯೂಟರ್: ದುಡ್ಡು ಯಾವ ಭಾಗಕ್ಕೆ ಹಾಕಬೇಕು?

ಪ್ರಶ್ನೆ: ಮೂಡಿಗೆರೆ ತಾಲ್ಲೂಕಿನಲ್ಲಿ ನಮ್ಮ ತೋಟದ ಮನೆ ಇದೆ. ಹಾಲ್‌ನಲ್ಲಿ 65 ಇಂಚಿನ 4ಕೆ ಓಎಲ್ಇಡಿ ಟಿವಿ (120 ಹರ್ಟ್ಸ್), ಅಟ್ಮಾಸ್ (ಮೇಲಿನಿಂದಲೂ ಧ್ವನಿ ಬರಿಸುವ ಡಾಲ್ಬಿ ವ್ಯವಸ್ಥೆ) ಇರುವ ಎವಿ ರಿಸೀವರ್ (ಧ್ವನಿಯನ್ನು ಸ್ಪೀಕರ್‌ಗಳಿಗೆ ಹಂಚುವ ಪೆಟ್ಟಿಗೆ), 5.1.2 ಸ್ಪೀಕರ್ ಇವೆ. ಸಿನಿಮಾ ನೋಡಲು, ಮಗ ಗೇಮ್ ಆಡಲು, ನಾನು ಮಿರರ್‌ಲೆಸ್ ಕ್ಯಾಮೆರಾದಲ್ಲಿ ತೆಗೆದ 4ಕೆ ವಿಡಿಯೊ (10 ಬಿಟ್, 4:2:2, ಅಂದರೆ ಬಣ್ಣದ ವಿವರ ಹೆಚ್ಚಿರುವ ಬಗೆ) ಎಡಿಟ್ ಮಾಡಲು, ಮೂರಕ್ಕೂ ಒಂದೇ ಕಂಪ್ಯೂಟರ್ ಬೇಕು. ಚಿಕ್ಕಮಗಳೂರಿನ ಅಂಗಡಿಯೊಂದರಲ್ಲಿ ಕೊಟೇಶನ್ ಕೊಟ್ಟಿದ್ದಾರೆ: ಕೋರ್ ಅಲ್ಟ್ರಾ 9 285ಕೆ ಪ್ರೊಸೆಸರ್, ಆರ್‌ಟಿಎಕ್ಸ್ 5080 ಗ್ರಾಫಿಕ್ಸ್ ಕಾರ್ಡು, 16 ಜಿಬಿ ರ‍್ಯಾಮ್, 1 ಟಿಬಿ ಎಸ್‌ಎಸ್‌ಡಿ, ಹೆಸರು ಬರೆಯದ 850 ವ್ಯಾಟ್ ಪವರ್ ಸಪ್ಲೈ, 600 ವಿಎ ಯುಪಿಎಸ್. ಮನೆಯಲ್ಲಿ ಇನ್ವರ್ಟರ್, ಡೀಸೆಲ್ ಜನರೇಟರ್ ಎರಡೂ ಇವೆ. ಈ ಕೊಟೇಶನ್ ಒಪ್ಪಬಹುದೇ?

ಉತ್ತರ: ಒಪ್ಪಬೇಡಿ. ಇದರಲ್ಲಿ ದುಡ್ಡೆಲ್ಲ ಎರಡು ಚಿಪ್‌ಗೆ ಹೋಗಿದೆ. ಆ ಎರಡು ಚಿಪ್ಪನ್ನು ಮೂಡಿಗೆರೆಯಲ್ಲಿ ಐದು ವರ್ಷ ಬದುಕಿಸಬೇಕಾದ ಭಾಗಗಳಿಗೆ ಏನೂ ಉಳಿದಿಲ್ಲ. ಲೆಕ್ಕ ನೋಡಿ: 285ಕೆ ಪೂರ್ತಿ ಓಡಿದರೆ 250 ವ್ಯಾಟ್, 5080 ಕಾರ್ಡು 360 ವ್ಯಾಟ್. ಎರಡಕ್ಕೇ 610 ಆಯಿತು. 600 ವಿಎ ಯುಪಿಎಸ್ ಅಂದರೆ 600 ವ್ಯಾಟ್ ಅಲ್ಲ, ಆ ದರ್ಜೆಯವು ಸಾಮಾನ್ಯವಾಗಿ 360 ವ್ಯಾಟ್ ಕೊಡುತ್ತವೆ. ಮಗ ಗೇಮ್ ಆಡುತ್ತಿರುವಾಗ ಕರೆಂಟು ಹೋದರೆ ಯುಪಿಎಸ್ ಒಂದು ಸಲ ಕೂಗಿ ಬಿದ್ದುಹೋಗುತ್ತದೆ, ಜೊತೆಗೆ ಕಂಪ್ಯೂಟರೂ.

ಮೊದಲು ಸಿನಿಮಾದ ವಿಷಯ. 4ಕೆ ಎಚ್‌ಡಿಆರ್ ಸಿನಿಮಾ ಓಡಿಸಲು ದೊಡ್ಡ ಗ್ರಾಫಿಕ್ಸ್ ಕಾರ್ಡು ಬೇಕೇ ಇಲ್ಲ. ಎಚ್‌ಇವಿಸಿ 10 ಬಿಟ್ (ವಿಡಿಯೊವನ್ನು ಅಡಕಗೊಳಿಸುವ ಒಂದು ಬಗೆ) ಬಿಡಿಸುವ ಪ್ರತ್ಯೇಕ ಸರ್ಕ್ಯೂಟ್ ಇಂಟೆಲ್ 7ನೇ ತಲೆಮಾರಿನ ಚಿಪ್‌ನಿಂದಲೇ ಇದೆ, ಅಂಥದ್ದೇ ಇನ್ನೊಂದು ಬಗೆಯಾದ ಎವಿ1 ಬಿಡಿಸುವುದು 11ನೇ ತಲೆಮಾರಿನಿಂದ ಬಂದಿದೆ. ಆ ಕೆಲಸಕ್ಕೆ ಪ್ರೊಸೆಸರ್ ಬೆವರುವುದೂ ಇಲ್ಲ. ಸಿನಿಮಾದ ಗುಣಮಟ್ಟ ಕೆಡುವುದು ತಂತಿಯಲ್ಲಿ, ಸೆಟ್ಟಿಂಗ್‌ನಲ್ಲಿ ಮತ್ತು ಫ್ಯಾನ್ ಸದ್ದಿನಲ್ಲಿ. ಅದನ್ನು ಮುಂದೆ ಬಿಡಿಸಿ ಹೇಳುತ್ತೇನೆ.

ಅದಕ್ಕೂ ಮುನ್ನ, ಈ ಕಂಪ್ಯೂಟರಿನಿಂದ ಆಗದ ಎರಡು ಕೆಲಸ ತಿಳಿದಿರಲಿ. ಒಂದು, ಓಟಿಟಿ. ಕಂಪ್ಯೂಟರಿನ ಬ್ರೌಸರ್‌ನಲ್ಲಿ ನಕಲು ತಡೆಯುವ ವ್ಯವಸ್ಥೆ ಹೆಚ್ಚಾಗಿ ಸಾಫ್ಟ್‌ವೇರ್ ಮಟ್ಟದ್ದು. ಹಾಗಾಗಿ ಎಷ್ಟೋ ಸೇವೆಗಳು ಅಲ್ಲಿ 720 ಅಥವಾ 1080ಕ್ಕೇ ನಿಲ್ಲಿಸುತ್ತವೆ. ಎಷ್ಟು ಬೆಲೆಯ ಕಾರ್ಡು ಹಾಕಿದರೂ ಇದು ಬದಲಾಗದು. ಓಟಿಟಿಯನ್ನು ಟಿವಿಯೊಳಗಿನ ಆ್ಯಪ್‌ನಲ್ಲೇ ನೋಡಿ, ಡಾಲ್ಬಿ ವಿಷನ್ ಕೂಡ ಅಲ್ಲೇ ಸರಿಯಾಗಿ ಸಿಗುತ್ತದೆ. ಎರಡು, 4ಕೆ ಬ್ಲೂ-ರೇ ಡಿಸ್ಕ್. ಕಂಪ್ಯೂಟರಿನಲ್ಲಿ ಅದನ್ನು ಅಧಿಕೃತವಾಗಿ ಓಡಿಸಲು ಇಂಟೆಲ್ ಚಿಪ್‌ನೊಳಗಿನ ಎಸ್‌ಜಿಎಕ್ಸ್ ಎಂಬ ಭದ್ರತಾ ವ್ಯವಸ್ಥೆ ಬೇಕು. 11ನೇ ತಲೆಮಾರಿನ ಕೋರ್ ಚಿಪ್‌ಗಳಿಂದ ಇಂಟೆಲ್ ಅದನ್ನು ತೆಗೆದುಹಾಕಿದೆ, ಎಎಂಡಿಯಲ್ಲಿ ಅದು ಇರಲೇ ಇಲ್ಲ. ಡಿಸ್ಕ್ ಕೊಳ್ಳುವ ಅಭ್ಯಾಸ ಇದ್ದರೆ ಬೇರೆ ಪ್ಲೇಯರ್ ತನ್ನಿ, ಈ ಕಂಪ್ಯೂಟರಿಗೆ ಡ್ರೈವ್ ಹಾಕಿಸಬೇಡಿ.

ಯಾವ ಚಿಪ್ ಎಂದು ತೀರ್ಮಾನಿಸಬೇಕಾದದ್ದು ನಿಮ್ಮ ಕ್ಯಾಮೆರಾ. 4:2:2 10 ಬಿಟ್ ಎಚ್‌ಇವಿಸಿ ಫೈಲು ಟೈಮ್‌ಲೈನ್‌ನಲ್ಲಿ ತಡವರಿಸದೆ ಓಡಬೇಕಾದರೆ ಅದನ್ನು ಬಿಡಿಸುವ ಹಾರ್ಡ್‌ವೇರ್ ಇರಬೇಕು. ಇಂಟೆಲ್‌ನ ಈಚಿನ ಚಿಪ್‌ಗಳೊಳಗಿನ ಗ್ರಾಫಿಕ್ಸ್ ಇದನ್ನು ಮಾಡುತ್ತದೆ. ಎನ್‌ವಿಡಿಯಾ ಕಾರ್ಡುಗಳಲ್ಲಿ ಇದು ಬಂದದ್ದು ಆರ್‌ಟಿಎಕ್ಸ್ 50 ಸರಣಿಯಲ್ಲಿ, 40 ಸರಣಿಯಲ್ಲಿ ಇಲ್ಲ. ಎಎಂಡಿಯ ರೈಜನ್ ಚಿಪ್‌ನೊಳಗಿನ ಗ್ರಾಫಿಕ್ಸ್‌ನಲ್ಲೂ ಇಲ್ಲ. ಹಳೆಯ 4090 ಕಡಿಮೆಗೆ ಸಿಕ್ಕಿತೆಂದು ಯಾರಾದರೂ ಆಸೆ ಹುಟ್ಟಿಸಿದರೆ ಈ ಮಾತು ನೆನಪಿರಲಿ. ಇಂಟೆಲ್ ಚಿಪ್ ಕೊಳ್ಳುವಾಗ ಹೆಸರಿನ ಕೊನೆಗೆ ‘ಎಫ್’ ಇದ್ದರೆ ಒಳಗೆ ಗ್ರಾಫಿಕ್ಸ್ ಇಲ್ಲವೆಂದು ಅರ್ಥ. ಸ್ವಲ್ಪ ಬೆಲೆ ಕಡಿಮೆ ಇದ್ದರೂ ಅದು ಬೇಡ. ಕಾರ್ಡು ಹಾಕಿದ ಮೇಲೆ ಕೆಲವು ಮದರ್‌ಬೋರ್ಡುಗಳು ಒಳಗಿನ ಗ್ರಾಫಿಕ್ಸ್ ಅನ್ನು ತಾವಾಗಿಯೇ ಆರಿಸುತ್ತವೆ. ಬಯೋಸ್‌ನಲ್ಲಿ (ಕಂಪ್ಯೂಟರ್ ಆನ್ ಆಗುವಾಗ ತೆರೆಯಬಹುದಾದ ಮದರ್‌ಬೋರ್ಡಿನ ಸೆಟ್ಟಿಂಗ್ ಪುಟದಲ್ಲಿ) ‘ಐಜಿಪಿಯು ಮಲ್ಟಿ ಮಾನಿಟರ್’ ಆನ್ ಮಾಡಿದರೆ ಮತ್ತೆ ಬರುತ್ತದೆ.

ನನ್ನ ಆಯ್ಕೆ: ಕೋರ್ ಅಲ್ಟ್ರಾ 7 265ಕೆ ಮತ್ತು ಆರ್‌ಟಿಎಕ್ಸ್ 5070 ಟಿಐ. 265ಕೆಯಲ್ಲಿ 20 ಕೋರ್ ಇವೆ, 285ಕೆಗಿಂತ ನಾಲ್ಕು ಕಡಿಮೆ. ನಿಮ್ಮ ಕೆಲಸದಲ್ಲಿ ಆ ನಾಲ್ಕರ ಕೊರತೆ ಗೊತ್ತಾಗದು. ಅದರ ಗರಿಷ್ಠ ಮಿತಿಯೂ 250 ವ್ಯಾಟ್. ಬಯೋಸ್‌ನಲ್ಲಿ ಪಿಎಲ್1, ಪಿಎಲ್2 (ಪ್ರೊಸೆಸರ್ ಎಳೆಯುವ ವಿದ್ಯುತ್ತಿನ ಮಿತಿಗಳು) ಎರಡನ್ನೂ 125 ವ್ಯಾಟ್‌ಗೆ ಇಳಿಸಿಬಿಡಿ. ಎಕ್ಸ್‌ಪೋರ್ಟ್ ಸ್ವಲ್ಪ ತಡವಾಗಬಹುದು, ಆದರೆ ಫ್ಯಾನ್ ಸದ್ದು ಅರ್ಧಕ್ಕಿಳಿದ ಹಾಗಿರುತ್ತದೆ. 5070 ಟಿಐ ಕಾರ್ಡಿನಲ್ಲಿ 5080ರಷ್ಟೇ, ಅಂದರೆ 16 ಜಿಬಿ ಮೆಮೊರಿ ಇದೆ, ಎಳೆಯುವುದು 300 ವ್ಯಾಟ್. ಅದನ್ನೂ ಸುಮಾರು 250ಕ್ಕೆ ಇಳಿಸಿ ಓಡಿಸಬಹುದು, ಆಟದಲ್ಲಿ ವ್ಯತ್ಯಾಸ ಕಣ್ಣಿಗೆ ಬೀಳುವುದು ಕಷ್ಟ. 12 ಜಿಬಿಯ ಸಾದಾ 5070ರಲ್ಲಿ 4ಕೆ ಟೈಮ್‌ಲೈನ್‌ಗೆ ನಾಯ್ಸ್ ರಿಡಕ್ಷನ್ ಹಾಕಿದಾಗ ಮೆಮೊರಿ ಮುಗಿದು ಎಕ್ಸ್‌ಪೋರ್ಟ್ ನಡುವೆ ನಿಲ್ಲುವ ಸಂಭವ ಇದೆ. ಅದಕ್ಕೇ ಬೇಡ ಎನ್ನುತ್ತಿದ್ದೇನೆ.

ರ‍್ಯಾಮ್ 16 ಜಿಬಿ ಎಡಿಟಿಂಗ್‌ಗೆ ಸಾಲದು. 32 ಕನಿಷ್ಠ, ಆದರೆ 64 ಹಾಕಿಸಿ. ಅದೂ 32ರ ಎರಡು ಸ್ಟಿಕ್ ಆಗಿರಲಿ. ಡಿಡಿಆರ್5ರಲ್ಲಿ ನಾಲ್ಕೂ ಸ್ಲಾಟ್ ತುಂಬಿಸಿದರೆ ವೇಗ ಇಳಿಯುತ್ತದೆ, ಕೆಲವೊಮ್ಮೆ ಬೂಟ್ ಆಗಲೂ ತಕರಾರು ಮಾಡುತ್ತದೆ. ವಿಂಡೋಸ್‌ಗೆ 1 ಟಿಬಿ ಎನ್‌ವಿಎಂಇ (ವೇಗದ ಎಸ್‌ಎಸ್‌ಡಿ), ಎಡಿಟಿಂಗ್ ಫೈಲಿಗೆ ಬೇರೆ 2 ಟಿಬಿ ಎನ್‌ವಿಎಂಇ ಇರಲಿ. ಸಿನಿಮಾ ಸಂಗ್ರಹದ ಹಾರ್ಡ್ ಡಿಸ್ಕನ್ನು ಹಾಲ್‌ನಲ್ಲಿಡಬೇಡಿ. ತಿರುಗುವ ಡಿಸ್ಕಿನ ಕಟಕಟ ಸದ್ದು ಮಳೆ ನಿಂತ ರಾತ್ರಿಯಲ್ಲಿ ಸಿನಿಮಾದ ಮೆಲುದನಿಯ ಮಾತಿಗೆ ಅಡ್ಡ ಬರುತ್ತದೆ. ಆಫೀಸು ಕೋಣೆಯಲ್ಲಿ ಸಣ್ಣ ನ್ಯಾಸ್ (ಲ್ಯಾನ್ ಮೂಲಕ ಫೈಲು ಕೊಡುವ ಡಿಸ್ಕ್ ಪೆಟ್ಟಿಗೆ) ಇಟ್ಟು ಲ್ಯಾನ್ ತಂತಿ ಎಳೆಸಿ. 4ಕೆ ಬ್ಲೂ-ರೇ ಗುಣಮಟ್ಟದ ಫೈಲು ಹೆಚ್ಚೆಂದರೆ ಸೆಕೆಂಡಿಗೆ 128 ಮೆಗಾಬಿಟ್ ಕೇಳುತ್ತದೆ, ಗಿಗಾಬಿಟ್ ಲ್ಯಾನ್ ಅದರ ಎಂಟರಷ್ಟು ಕೊಡುತ್ತದೆ. ಹಳೆಯ ಬಂಗಲೆಯ ದಪ್ಪ ಗೋಡೆ ದಾಟಿ ಬರುವ ವೈಫೈ ನಂಬಿ ಕೂತರೆ ಕ್ಲೈಮ್ಯಾಕ್ಸ್‌ನಲ್ಲೇ ಸುತ್ತುವ ಚಕ್ರ ನೋಡಬೇಕಾಗುತ್ತದೆ.

ತಂಪಿನ ವಿಷಯದಲ್ಲಿ ಮಲೆನಾಡು ನಿಮಗೆ ಉಪಕಾರ ಮಾಡಿದೆ. ಬಯಲುಸೀಮೆಯ ಏಪ್ರಿಲ್ ಬಿಸಿಲು ಇಲ್ಲಿಲ್ಲ, ವಾಟರ್ ಕೂಲಿಂಗ್ ಬೇಡವೇ ಬೇಡ. ಅದರ ಪಂಪ್ ಸದಾ ಗುಂಯ್‌ಗುಡುತ್ತದೆ, ಕೆಟ್ಟರೆ ಬದಲಿ ಬರುವವರೆಗೆ ಕಂಪ್ಯೂಟರ್ ಮೂಲೆ ಸೇರುತ್ತದೆ. ಎರಡು ಗೋಪುರದ ದೊಡ್ಡ ಏರ್ ಕೂಲರ್ ಹಾಕಿಸಿ. ಇವು 155ರಿಂದ 168 ಮಿಲಿಮೀಟರ್ ಎತ್ತರ ಇರುತ್ತವೆ. ಕ್ಯಾಬಿನೆಟ್‌ನ ವಿವರಪಟ್ಟಿಯಲ್ಲಿ ಕೂಲರ್ ಎತ್ತರದ ಮಿತಿ ನೋಡಿಯೇ ಕೊಳ್ಳಿ, ಇಲ್ಲದಿದ್ದರೆ ಪಕ್ಕದ ಬಾಗಿಲು ಮುಚ್ಚುವುದಿಲ್ಲ. 140 ಮಿಲಿಮೀಟರಿನ ಮೂರು ಫ್ಯಾನ್ ನಿಮಿಷಕ್ಕೆ 600-700 ಸುತ್ತು ತಿರುಗಿದರೆ ಸಿನಿಮಾ ಹೊತ್ತಿಗೆ ಸಾಕು. ಟಿವಿ ಸ್ಟ್ಯಾಂಡಿನ ಬಾಗಿಲಿರುವ ಗೂಡಿನೊಳಗೆ ಮಾತ್ರ ತಳ್ಳಬೇಡಿ, ಬಿಸಿಗಾಳಿ ಅಲ್ಲೇ ಸುತ್ತಿ ಫ್ಯಾನ್ ಕೂಗಲು ಶುರುಮಾಡುತ್ತದೆ.

ಇನ್ನು ತಂತಿ. ಕಂಪ್ಯೂಟರ್ ಮತ್ತು ಟಿವಿ ನಡುವೆ ರಿಸೀವರ್ ಬರಬೇಕು: ಗ್ರಾಫಿಕ್ಸ್ ಕಾರ್ಡಿನ ಎಚ್‌ಡಿಎಂಐ ರಿಸೀವರ್‌ಗೆ, ಅಲ್ಲಿಂದ ಟಿವಿಗೆ. ತಂತಿಯನ್ನು ಮದರ್‌ಬೋರ್ಡಿನ ಎಚ್‌ಡಿಎಂಐಗೆ ಚುಚ್ಚಿ, ಲಕ್ಷದ ಕಾರ್ಡನ್ನು ಸುಮ್ಮನೆ ಕೂರಿಸುವ ತಪ್ಪು ತುಂಬ ಸಾಮಾನ್ಯ. ಮೊದಲ ದಿನವೇ ನೋಡಿ. ನಿಮ್ಮ ರಿಸೀವರ್‌ನ ಎಚ್‌ಡಿಎಂಐ 2.0 ಆಗಿದ್ದರೆ (18 ಗಿಗಾಬಿಟ್) ಸಿನಿಮಾಕ್ಕೆ ತೊಂದರೆಯಿಲ್ಲ, ಸೆಕೆಂಡಿಗೆ 24 ಫ್ರೇಮಿನ 4ಕೆ ಎಚ್‌ಡಿಆರ್ ಅದರಲ್ಲಿ ಸಲೀಸಾಗಿ ಹಾಯುತ್ತದೆ. ಆದರೆ 4ಕೆ 120 ಹರ್ಟ್ಸ್ ಗೇಮ್ ಹಾಯುವುದಿಲ್ಲ, ಅದಕ್ಕೆ ಎಚ್‌ಡಿಎಂಐ 2.1 ಬೇಕು. ಆಗ ಒಂದೇ ದಾರಿ: ಕಾರ್ಡಿನಿಂದ ನೇರ ಟಿವಿಗೆ, ಟಿವಿಯ ಇಆರ್ಕ್ ಪೋರ್ಟಿನಿಂದ (ಧ್ವನಿಯನ್ನು ಟಿವಿಯಿಂದ ಹೊರಕಳಿಸುವ ಎಚ್‌ಡಿಎಂಐ) ರಿಸೀವರ್‌ಗೆ. ಹಳೆಯ ಆರ್ಕ್ ಆದರೆ ಟ್ರೂಎಚ್‌ಡಿಯಂಥ ನಷ್ಟವಿಲ್ಲದ ಧ್ವನಿ ಬರುವುದಿಲ್ಲ, ‘ಇ’ ಅಕ್ಷರ ಇದೆಯೇ ಎಂದು ಟಿವಿಯ ಹಿಂಬದಿ ನೋಡಿ. ಇಆರ್ಕ್ ಇದ್ದೂ ಕೆಲವು ಟಿವಿಗಳು ಡಿಟಿಎಸ್ (ಡಾಲ್ಬಿಯಂಥ ಇನ್ನೊಂದು ಬಗೆ) ಧ್ವನಿಯನ್ನು ದಾಟಿಸುವುದಿಲ್ಲ. ಹಾಗಾದರೆ ಕಂಪ್ಯೂಟರಿನ ಪ್ಲೇಯರ್‌ನಲ್ಲೇ ಡಿಟಿಎಸ್ ಅನ್ನು ಪಿಸಿಎಂ (ಅಡಕ ಬಿಡಿಸಿದ ಧ್ವನಿ) ಮಾಡಿ ಕಳಿಸಿ.

ಸಾಮಾನ್ಯ ತಾಮ್ರದ ಎಚ್‌ಡಿಎಂಐ ತಂತಿ 48 ಗಿಗಾಬಿಟ್ ಹೊರುವುದು ಮೂರು ಮೀಟರಿನ ಆಸುಪಾಸಿಗೆ ನೆಮ್ಮದಿಯಿಂದ. ‘ಅಲ್ಟ್ರಾ ಹೈ ಸ್ಪೀಡ್’ ಪ್ರಮಾಣಪತ್ರದ ಚೀಟಿ ಡಬ್ಬದ ಮೇಲೆ ಇರಬೇಕು. ಕಂಪ್ಯೂಟರನ್ನು ಪಕ್ಕದ ಕೋಣೆಯಲ್ಲಿಟ್ಟು ಸದ್ದೇ ಇಲ್ಲದಂತೆ ಮಾಡುವ ಆಸೆಯಿದ್ದರೆ 10-15 ಮೀಟರಿನ ಆಪ್ಟಿಕಲ್ ಎಚ್‌ಡಿಎಂಐ ತಂತಿ ತೆಗೆದುಕೊಳ್ಳಿ. ಇದಕ್ಕೆ ದಿಕ್ಕಿದೆ: ‘ಸೋರ್ಸ್’ ಎಂದು ಬರೆದ ತುದಿ ಕಂಪ್ಯೂಟರಿನ ಕಡೆಗೆ. ಗೋಡೆಯೊಳಗೆ ತಿರುಗುಮುರುಗಾಗಿ ಎಳೆದುಬಿಟ್ಟರೆ ಚಿತ್ರವೇ ಬರುವುದಿಲ್ಲ, ಮತ್ತೆ ಹೊರಗೆಳೆಯಬೇಕು. ಪೈಪು ಒಂದು ಇಂಚಿಗಿಂತ ಕಡಿಮೆ ಬೇಡ, ಪ್ಲಗ್ಗಿನ ತಲೆ ಸಿಕ್ಕಿಕೊಳ್ಳುತ್ತದೆ. ಹಂಚಿನ ಮನೆಯಲ್ಲಿ ಅಟ್ಟದ ಮೇಲೆ ತಂತಿಯನ್ನು ಪೈಪಿಲ್ಲದೆ ಬಿಟ್ಟರೆ ಇಲಿ ಉಳಿಸುವುದಿಲ್ಲ.

ಸೆಟ್ಟಿಂಗ್‌ನಲ್ಲಿ ಮೂರು ಕಡೆ ಎಡವುತ್ತಾರೆ. ಸಿನಿಮಾ ಸೆಕೆಂಡಿಗೆ 23.976 ಫ್ರೇಮ್. ಟಿವಿ 60 ಹರ್ಟ್ಸ್‌ನಲ್ಲಿ ಓಡುತ್ತಿದ್ದರೆ ಒಂದು ಫ್ರೇಮ್ ಮೂರು ಸಲ, ಮುಂದಿನದು ಎರಡು ಸಲ ಕಾಣುತ್ತದೆ. ಕ್ಯಾಮೆರಾ ನಿಧಾನವಾಗಿ ಪಕ್ಕಕ್ಕೆ ಸರಿಯುವ ದೃಶ್ಯದಲ್ಲಿ ಚಿತ್ರ ಕುಂಟಿದಂತೆ ಕಾಣುವುದು ಇದರಿಂದಲೇ. ಕೋಡಿ ಎಂಬ ಸಿನಿಮಾ ಪ್ಲೇಯರ್ ಸಾಫ್ಟ್‌ವೇರ್‌ನಲ್ಲಿ ‘ಅಡ್ಜಸ್ಟ್ ಡಿಸ್‌ಪ್ಲೇ ರಿಫ್ರೆಶ್ ರೇಟ್’ ಆನ್ ಮಾಡಿ, ಪಟ್ಟಿಯಲ್ಲಿ 23.976 ಬರುವಂತೆ ನೋಡಿಕೊಳ್ಳಿ. ವಿಂಡೋಸ್ ಅದನ್ನು 23 ಎಂದು ತೋರಿಸಬಹುದು. 24.000 ಇಟ್ಟರೆ ಸುಮಾರು 42 ಸೆಕೆಂಡಿಗೊಮ್ಮೆ ಒಂದು ಫ್ರೇಮ್ ಎರಡು ಸಲ ಬಂದು ಸಣ್ಣದೊಂದು ಜರ್ಕ್ ಆಗುತ್ತದೆ. ಎರಡನೆಯದು ಬಣ್ಣದ ವ್ಯಾಪ್ತಿ. ಕಾರ್ಡು 0-255 ಕಳಿಸಿ ಟಿವಿ 16-235 ಎಂದುಕೊಂಡರೆ ಕತ್ತಲ ದೃಶ್ಯದ ವಿವರವೆಲ್ಲ ಮಸಿಯಾಗಿಬಿಡುತ್ತದೆ. ತಿರುಗುಮುರುಗಾದರೆ ಕಪ್ಪು ಬೂದಿಯಂತೆ ಕಾಣುತ್ತದೆ. ಓಎಲ್ಇಡಿ ಕೊಂಡದ್ದೇ ಕಪ್ಪಿಗಾಗಿ. ಎರಡೂ ಕಡೆ ಫುಲ್ (0-255), ಇಲ್ಲವೇ ಎರಡೂ ಕಡೆ ಲಿಮಿಟೆಡ್ (16-235) ಇಡಿ. ಮೂರನೆಯದು ಧ್ವನಿ. ಕೋಡಿಯ ಆಡಿಯೊ ಸೆಟ್ಟಿಂಗ್‌ನಲ್ಲಿ ‘ಪಾಸ್‌ಥ್ರೂ’ (ಧ್ವನಿಯನ್ನು ಬಿಡಿಸದೆ ರಿಸೀವರ್‌ಗೇ ಕಳಿಸುವುದು) ಆನ್ ಮಾಡಿ ಟ್ರೂಎಚ್‌ಡಿ, ಡಿಟಿಎಸ್-ಎಚ್‌ಡಿ ಎರಡನ್ನೂ ಟಿಕ್ ಮಾಡಿ. ಟ್ರೂಎಚ್‌ಡಿ ಹಾಗೇ ಹೋದಾಗ ರಿಸೀವರ್ ಮುಖದಲ್ಲಿ ‘ಅಟ್ಮಾಸ್’ ಎಂಬ ಅಕ್ಷರ ಮೂಡುತ್ತದೆ. ಜೊತೆಗೆ, ವಿಂಡೋಸ್ ಟಾಸ್ಕ್‌ಬಾರ್ ತಾನಾಗಿ ಮರೆಯಾಗುವಂತೆ ಮಾಡಿ. ಓಎಲ್ಇಡಿ ಮೇಲೆ ಗಂಟೆಗಟ್ಟಲೆ ನಿಂತ ಗೆರೆ ಕ್ರಮೇಣ ಕಲೆಯಾಗಿ ಉಳಿಯುತ್ತದೆ. ಎಡಿಟಿಂಗ್‌ಗೆ ಬೇರೆ ಮಾನಿಟರ್ ಇಟ್ಟುಕೊಳ್ಳುವುದೇ ಲೇಸು.

ಈಗ ಕರೆಂಟು. ಕೊಟೇಶನ್‌ನಲ್ಲಿ ಯಾರೂ ಯೋಚಿಸದೇ ಇದ್ದದ್ದು ಇದೊಂದೇ, ಮತ್ತು ಮಲೆನಾಡಿನಲ್ಲಿ ದುಬಾರಿ ಕಂಪ್ಯೂಟರನ್ನು ಕೊಲ್ಲುವುದೂ ಇದೇ. ಕೊಯ್ಲಿನ ದಿನಗಳಲ್ಲಿ ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಮೋಟಾರು, ಫೆಬ್ರವರಿ-ಮಾರ್ಚಿನಲ್ಲಿ ರೊಬಸ್ಟಾ ಕಾಫಿಗೆ ನೀರು ಹಾಯಿಸುವ ಸ್ಪ್ರಿಂಕ್ಲರ್ ಪಂಪು. ಸುತ್ತಲಿನ ತೋಟಗಳಲ್ಲಿ ಇವೆಲ್ಲ ಒಟ್ಟಿಗೆ ಓಡುವಾಗ ಲೈನ್ ವೋಲ್ಟೇಜು ಕುಸಿಯುತ್ತದೆ. ನಿಮ್ಮದೇ ಮೋಟಾರು ಶುರುವಾದ ಕ್ಷಣ ಬಲ್ಬು ಮಂಕಾಗುತ್ತದಲ್ಲ, ಪವರ್ ಸಪ್ಲೈ ಅನುಭವಿಸುವುದು ಅದನ್ನೇ. ಕರೆಂಟು ತಪ್ಪಿದರೆ ಒಳ್ಳೆಯ ಪವರ್ ಸಪ್ಲೈ ಪೂರ್ತಿ ಹೊರೆಯಲ್ಲಿ ತಡೆದುಕೊಳ್ಳುವುದು ಹತ್ತರಿಂದ ಹದಿನೇಳು ಮಿಲಿಸೆಕೆಂಡ್ ಅಷ್ಟೆ. ಮನೆಯ ಇನ್ವರ್ಟರ್ ಸಾಮಾನ್ಯ ಮೋಡ್‌ನಲ್ಲಿ ಬದಲಾಗಲು ಅದಕ್ಕಿಂತ ಹೆಚ್ಚು ಹೊತ್ತು ತೆಗೆದುಕೊಳ್ಳಬಹುದು, ಕಂಪ್ಯೂಟರ್ ರೀಸ್ಟಾರ್ಟ್ ಆಗುತ್ತದೆ. ಹಿಂಬದಿಯ ಸ್ವಿಚ್ಚನ್ನು ‘ಯುಪಿಎಸ್’ ಮೋಡಿಗೆ ಹಾಕಿದರೆ ಬೇಗ ಬದಲಾಗುತ್ತದೆ, ಆದರೆ ವೋಲ್ಟೇಜು 180ರ ಹತ್ತಿರ ಬಂದ ಕೂಡಲೇ ಬ್ಯಾಟರಿಗೆ ಹೋಗಿ ಬ್ಯಾಟರಿ ಬೇಗ ಬರಿದಾಗುತ್ತದೆ. ಸ್ಕ್ವೇರ್ ವೇವ್ ಇನ್ವರ್ಟರ್ ಆಗಿದ್ದರೆ ಕಂಪ್ಯೂಟರನ್ನೂ ರಿಸೀವರನ್ನೂ ಅದಕ್ಕೆ ಕೊಡಲೇಬೇಡಿ. ರಿಸೀವರ್‌ನ ಟ್ರಾನ್ಸ್‌ಫಾರ್ಮರ್ ಗುಂಯ್‌ಗುಡುತ್ತದೆ, ಬಿಸಿಯಾಗುತ್ತದೆ.

ಲೆಕ್ಕ ಹೀಗೆ: ಪ್ರೊಸೆಸರ್ 125, ಕಾರ್ಡು 300, ಉಳಿದದ್ದು 60, ಒಟ್ಟು 485. ಪವರ್ ಸಪ್ಲೈಯಲ್ಲಿ ಹೋಗುವ ನಷ್ಟ ಸೇರಿಸಿದರೆ ಗೋಡೆಯಿಂದ ಎಳೆಯುವುದು ಸುಮಾರು 540 ವ್ಯಾಟ್. ಇದಕ್ಕೆ 1 ಕೆವಿಎ ಆನ್‌ಲೈನ್ ಯುಪಿಎಸ್, 800 ವ್ಯಾಟ್ ಅಥವಾ ಹೆಚ್ಚು ಎಂದು ಬರೆದಿರುವುದನ್ನು, ಪ್ಯೂರ್ ಸೈನ್ ವೇವ್‌ನದನ್ನು ತೆಗೆದುಕೊಳ್ಳಿ. ಟಿವಿ, ರಿಸೀವರ್ ಕೂಡ ಅದರ ಮೇಲೆಯೇ ಇರಲಿ ಎಂದರೆ 2 ಕೆವಿಎ ಬೇಕು. ಆನ್‌ಲೈನ್ ಎಂದು ಒತ್ತಿ ಹೇಳುವುದಕ್ಕೆ ಕಾರಣ ನಿಮ್ಮ ಜನರೇಟರ್. ಹೊರೆ ಬದಲಾದಂತೆ ಅದರ ಫ್ರೀಕ್ವೆನ್ಸಿ 50 ಹರ್ಟ್ಸ್‌ನಿಂದ ಆಚೀಚೆ ಆಗುತ್ತದೆ. ಅಗ್ಗದ ಯುಪಿಎಸ್ ಅದನ್ನು ಕರೆಂಟೆಂದೇ ಒಪ್ಪದೆ ಬ್ಯಾಟರಿ ಮೇಲೆಯೇ ಓಡಿ ಕೊನೆಗೆ ನಿಲ್ಲುತ್ತದೆ. ಆನ್‌ಲೈನ್ ಯುಪಿಎಸ್ ಬಂದ ಕರೆಂಟನ್ನು ಪೂರ್ತಿ ಡಿಸಿ ಮಾಡಿ, ಹೊಸದಾಗಿ ಎಸಿ ಮಾಡಿ ಕೊಡುವುದರಿಂದ ಜನರೇಟರ್ ಜೊತೆ ಹೊಂದಿಕೊಳ್ಳುತ್ತದೆ. ಅದರ ಫ್ಯಾನ್ ಸದಾ ಓಡುತ್ತಿರುತ್ತದೆ, ಹಾಲ್‌ನ ಹೊರಗಿಡಿ. ಕಂಪ್ಯೂಟರಿನ ಪವರ್ ಸಪ್ಲೈ ಹೆಸರಿರುವ ಕಂಪನಿಯದು, 850 ವ್ಯಾಟ್, 80 ಪ್ಲಸ್ ಗೋಲ್ಡ್ (ವಿದ್ಯುತ್ ನಷ್ಟ ಕಡಿಮೆ ಇರುವ ದರ್ಜೆ), ಎಟಿಎಕ್ಸ್ 3.1 (ಹೊಸ ಕಾರ್ಡುಗಳಿಗೆ ತಕ್ಕ ಮಾನದಂಡ) ಆಗಿರಲಿ. ಬಿಲ್ಲಿನಲ್ಲಿ ಮಾಡೆಲ್ ಹೆಸರು ಬರೆಸದೆ ದುಡ್ಡು ಕೊಡಬೇಡಿ.

ಇಷ್ಟೆಲ್ಲ ಹಾಕಿಸಿಯೂ ಅರ್ಥಿಂಗ್ ಸರಿಯಿಲ್ಲದಿದ್ದರೆ ವ್ಯರ್ಥ. ಎಲೆಕ್ಟ್ರಿಷಿಯನ್ ಕೈಲಿ ಮಲ್ಟಿಮೀಟರ್ ಇಟ್ಟು ಅಳೆಸಿ: ಫೇಸ್-ನ್ಯೂಟ್ರಲ್ ಮತ್ತು ಫೇಸ್-ಅರ್ಥ್ ಎರಡೂ 230ರ ಆಸುಪಾಸು, ಒಂದಕ್ಕೊಂದು ಹತ್ತಿರ ಇರಬೇಕು. ನ್ಯೂಟ್ರಲ್-ಅರ್ಥ್ ಎರಡು ಮೂರು ವೋಲ್ಟ್ ದಾಟಬಾರದು. ಹತ್ತು ಹದಿನೈದು ತೋರಿಸಿದರೆ ಅರ್ಥಿಂಗ್ ಗುಂಡಿ ಒಣಗಿದೆ, ಇಲ್ಲವೇ ಕೀಲು ತುಕ್ಕು ಹಿಡಿದಿದೆ. ಕ್ಯಾಬಿನೆಟ್ ಮುಟ್ಟಿದರೆ ಜುಮ್ಮೆನ್ನುವುದು, ಸ್ಪೀಕರಿನಲ್ಲಿ ಸಣ್ಣ ಹಮ್ ಕೇಳುವುದು ಇದೇ ಕಾರಣಕ್ಕೆ. ಕಂಪ್ಯೂಟರ್, ರಿಸೀವರ್, ಸಬ್‌ವೂಫರ್, ಟಿವಿ ಎಲ್ಲದರ ಅರ್ಥ್ ಒಂದೇ ಬೋರ್ಡಿನಿಂದ ಬರಲಿ.

ಸಿಡಿಲಿನ ಬಗ್ಗೆ ಜನಕ್ಕೆ ಗೊತ್ತಿಲ್ಲದ ದಾರಿಯೊಂದಿದೆ. ಏಪ್ರಿಲ್-ಮೇ ಗುಡುಗಿನಲ್ಲಿ ಎಲ್ಲರೂ ಪ್ಲಗ್ ಕೀಳುತ್ತಾರೆ, ಚಾವಣಿಯ ಡಿಶ್‌ನಿಂದ ಇಳಿದ ಕೇಬಲ್ ಮಾತ್ರ ಹಾಗೇ ಇರುತ್ತದೆ. ಸರ್ಜ್ (ಸಿಡಿಲಿನಿಂದ ಒಮ್ಮೆಲೇ ಏರುವ ವೋಲ್ಟೇಜು) ಆ ಕೇಬಲ್ ಹಿಡಿದು ಸೆಟ್‌ಟಾಪ್ ಬಾಕ್ಸಿಗೆ, ಅದರ ಎಚ್‌ಡಿಎಂಐಯಿಂದ ರಿಸೀವರ್‌ಗೆ, ರಿಸೀವರ್‌ನಿಂದ ಗ್ರಾಫಿಕ್ಸ್ ಕಾರ್ಡಿಗೆ ಬರುತ್ತದೆ. ಎಚ್‌ಡಿಎಂಐ ಪೋರ್ಟ್ ಮಾತ್ರ ಸತ್ತು ಉಳಿದದ್ದೆಲ್ಲ ಸರಿಯಿರುವ ಕಾರ್ಡುಗಳ ಹಿಂದೆ ಹೆಚ್ಚಾಗಿ ಇಂಥ ಕಥೆಯೇ ಇರುತ್ತದೆ. ಮೋಡ ಕಟ್ಟಿದಾಗ ಡಿಶ್ ಕೇಬಲನ್ನೂ ಬಿಚ್ಚಿ. ಮೀಟರ್ ಬೋರ್ಡಿನ ಬಳಿ ಟೈಪ್ 2 ಸರ್ಜ್ ಪ್ರೊಟೆಕ್ಟರ್ ಹಾಕಿಸಿ. ಫೈಬರ್ ಇಂಟರ್ನೆಟ್ಟಿನ ಗಾಜಿನ ಎಳೆಯಲ್ಲಿ ಸರ್ಜ್ ಹರಿಯುವುದಿಲ್ಲ, ಆದರೆ ಅದರ ಬಾಕ್ಸಿಗೆ ಕರೆಂಟು ಕೊಡುವ ಅಡಾಪ್ಟರ್‌ನಲ್ಲಿ ಹರಿಯುತ್ತದೆ.

ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಜಡಿಮಳೆಯಲ್ಲಿ ಕಂಪ್ಯೂಟರನ್ನು ಮುಚ್ಚಿಡುವುದು ತಪ್ಪು. ದಿನಕ್ಕೆ ಒಂದು ಗಂಟೆ ಓಡಿಸಿ, ಒಳಗಿನ ಬಿಸಿಗೆ ಥಂಡಿ ನಿಲ್ಲುವುದಿಲ್ಲ. ಪ್ಲಾಸ್ಟಿಕ್ ಹೊದಿಕೆ ಹಾಕಿದರೆ ತೇವ ಒಳಗೇ ಉಳಿದು ಸ್ಲಾಟಿನ ಕಾಲುಗಳ ಮೇಲೆ ಹಸಿರು ಕಿಲುಬು ಹಿಡಿಯುತ್ತದೆ. ಬಳಸದ ಸ್ಲಾಟಿನ ಹಿಂಬದಿ ತಗಡನ್ನು ತೆಗೆದು ಬಿಸಾಡಬೇಡಿ, ಆ ಸಂದಿಯಿಂದ ಹಲ್ಲಿ, ಇರುವೆ ಒಳಹೊಕ್ಕು ಶಾರ್ಟ್ ಆಗುತ್ತದೆ.

ಭಾಗಗಳನ್ನು ಬೆಂಗಳೂರಿನ ಎಸ್‌ಪಿ ರಸ್ತೆಯಲ್ಲಿ ಕೊಂಡು ಅಲ್ಲೇ ಜೋಡಿಸಿ ತರುವುದಾದರೆ, ಕಾರಿಗೆ ಹಾಕುವ ಮುನ್ನ ಗ್ರಾಫಿಕ್ಸ್ ಕಾರ್ಡು ಬಿಚ್ಚಿಸಿ ಅದರದ್ದೇ ಡಬ್ಬದಲ್ಲಿಡಿ. ಒಂದು ಕಿಲೊಗಿಂತ ಹೆಚ್ಚು ತೂಗುವ ಕಾರ್ಡು ತಿರುವಿನ ರಸ್ತೆಯಲ್ಲಿ ಜಗ್ಗಿ ಸ್ಲಾಟ್ ಸೀಳಬಹುದು. ಮನೆಯಲ್ಲಿ ಮತ್ತೆ ಕೂರಿಸುವಾಗ ಹದಿನಾರು ಪಿನ್ನಿನ ಪವರ್ ಪ್ಲಗ್ ‘ಟಿಕ್’ ಎನ್ನುವವರೆಗೆ ಒತ್ತಿ, ಪ್ಲಗ್ ಮತ್ತು ಸಾಕೆಟ್ಟಿನ ನಡುವೆ ಕೂದಲಷ್ಟೂ ಸಂದಿ ಕಾಣಬಾರದು. ತಂತಿಯನ್ನು ಪ್ಲಗ್ಗಿನಿಂದ ಮೊದಲ ಮೂರೂವರೆ ಸೆಂಟಿಮೀಟರ್ ಬಗ್ಗಿಸಬೇಡಿ. ಅರ್ಧ ಕೂತ ಪ್ಲಗ್ಗಿನಲ್ಲಿ ಕೆಲವೇ ಪಿನ್ನುಗಳು ಎಲ್ಲ ಕರೆಂಟನ್ನೂ ಹೊತ್ತು ಕರಗಿಹೋಗುತ್ತವೆ. ಮೊದಲ ಸಲ ಆನ್ ಮಾಡಿದಾಗ ಡಿಡಿಆರ್5 ತನ್ನನ್ನು ತಾನು ಹೊಂದಿಸಿಕೊಳ್ಳಲು ಕೆಲವು ನಿಮಿಷ ಪರದೆ ಕಪ್ಪಾಗಿಯೇ ಇರುತ್ತದೆ. ಗಾಬರಿಯಾಗಿ ಸ್ವಿಚ್ ಆರಿಸಬೇಡಿ, ಹತ್ತು ನಿಮಿಷ ಕಾಯಿರಿ.

ಎಲ್ಲ ಜೋಡಿಸಿದ ಮೇಲೆ, ಜೋಡಿಸಿದವರು ಇನ್ನೂ ಮನೆಯಲ್ಲಿರುವಾಗಲೇ ಒಂದು ಪರೀಕ್ಷೆ ಮಾಡಿಸಿ. ಭಾರದ ಗೇಮೊಂದನ್ನು ಅರ್ಧ ಗಂಟೆ ಓಡಿಸಿ, ಓಡುತ್ತಿರುವಾಗಲೇ ಯುಪಿಎಸ್‌ನ ಗೋಡೆಯ ಸ್ವಿಚ್ ಆರಿಸಿ, ಎರಡು ನಿಮಿಷ ಬಿಟ್ಟು ಮನೆಯನ್ನು ಜನರೇಟರಿಗೆ ಬದಲಾಯಿಸಿ ಆ ಸ್ವಿಚ್ ಮತ್ತೆ ಹಾಕಿ, ಜೊತೆಗೇ ಪಂಪಿನ ಮೋಟಾರನ್ನೂ ಹಾಕಿ. ಆಟ ನಿಲ್ಲದೆ ನಡೆದರೆ, ಯುಪಿಎಸ್ ಮತ್ತೆ ಲೈನಿಗೆ ಮರಳಿದರೆ ಬಾಕಿ ದುಡ್ಡು ಕೊಡಬಹುದು.